ಖಾದರ್ ಕಟ್ಟಿದ ಕೆಂಪು ಚಿಂದಿ

ನಂಬಲಿಕ್ಕೇ ಆಗುತ್ತಿಲ್ಲ...
ಖಾದರ್ ಹೋದನಂತೆ!

ತೊಂಬತ್ತಾರು ವರ್ಷದವನು ಹೋದರೆ ನಂಬಲಿಕ್ಕೇನು ಕಷ್ಟ ಅಂತ ಯಾರಾದರೂ ಕಾಮೆಂಟ್ ಹಾಕಿದರೆ ಬ್ಲಾಕ್ ಮಾಡುತ್ತೇನೆ, ಹುಷಾರ್.
ನನಗೇ ತೊಂಬತ್ತನಾಲ್ಕು. ಎರಡು ವರ್ಷ ದೊಡ್ಡವನಾದರೆ ಮುದುಕನೇ?

ಬೆಳಿಗ್ಗೆ ಹಳಿಯಾಳದಿಂದ ಅವನ ಮಗಳ ಫೋನ್...
"ಕಾಕಾ, ಅಬ್ಬಾ ಹೋದ್ರು ರೀ... ನಮಾಜ್ ಮಾಡಿ ಮಲ್ಕೊಂಡಿದ್ರು, ಏಳಲೇ ಇಲ್ಲ."

ಅತ್ತುಬಿಟ್ಟೆ.
ಆಮೇಲೆ... ಹೇಳಲು ನಾಚಿಕೆ, ಆದರೂ ಹೇಳುತ್ತೇನೆ... ಮನಸ್ಸು ಹಗುರಾಯಿತು.

ಹೋದ ಶುಕ್ರವಾರವಷ್ಟೇ, ನಾನೀಗ ಇರುವ ಮುಂಡಗೋಡದಿಂದ ಅವನ ಮನೆಗೆ ಹೋಗಿ, ಹರೆಯದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಒಂದು ತಪ್ಪನ್ನು ಒಪ್ಪಿಕೊಂಡು ಬಂದಿದ್ದೆ.
ಇನ್ನೊಂದು ವಾರ ತಡ ಮಾಡಿದ್ದರೆ ಇವತ್ತು ನನ್ನ ಗತಿ ಏನು?

ಕೇಳಿ.

ಆಗಷ್ಟೇ ದೊಡ್ಡ ಯುದ್ಧ ಮುಗಿದಿತ್ತು. ಪೆಟ್ರೋಲು ಇನ್ನೂ ಕೂಪನ್ನಿಗೆ.
ಖಾದರ್ ಹಳಿಯಾಳದ ಒಂದು ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದ. ಅಲ್ಲಿಗೆ ಕಟ್ಟಿಗೆ ಕಂಟ್ರಾಕ್ಟರರೊಬ್ಬರ ಮೋಟಾರ್ ಸೈಕಲ್ ರಿಪೇರಿಗೆ ಬಂತು...
ಮಿಲಿಟರಿಯವರು ಹರಾಜು ಹಾಕಿದ ಗಾಡಿ. ಎಮ್ಮೆಯಂಥ ಮೈ.

ಆ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇತ್ತು.
ಯಾವ ನಟ್ಟು ಇನ್ನೂ ಬಿಗಿ ಆಗಿಲ್ಲವೋ ಅದಕ್ಕೊಂದು ಕೆಂಪು ಚಿಂದಿ ಕಟ್ಟಬೇಕು.
ಬಿಗಿ ಮಾಡಿದವನೇ ಅದನ್ನು ಬಿಚ್ಚಬೇಕು.
ಚಿಂದಿ ಇಲ್ಲ ಅಂದರೆ ಗಾಡಿ ರೆಡಿ... ಬೇರೆ ಮಾತೇ ಇಲ್ಲ.

ಮುಂದಿನ ಗಾಲಿಯ ನಟ್ಟು ಬಿಗಿ ಮಾಡುವ ದೊಡ್ಡ ಪಾನಾ ಅವತ್ತು ದಾಂಡೇಲಿಗೆ ಹೋಗಿತ್ತು. ಖಾದರ್ ನಟ್ಟನ್ನು ಬೆರಳಿನಿಂದ ತಿರುಗಿಸಿ, ಚಿಂದಿ ಕಟ್ಟಿ, ಮನೆಗೆ ಹೋದ. ಪಾನಾ ಬಂದ ಮೇಲೆ ಗ್ಯಾರೇಜಿನ ಯಜಮಾನರಾದ ಉಸ್ತಾದರು ಬಿಗಿ ಮಾಡುವವರಿದ್ದರು.

ಮರುದಿನ ಬೆಳಿಗ್ಗೆ ಖಾದರ್ ಗಾಡಿ ಓಡಿಸಿ ಟ್ರಾಯಲ್ ನೋಡಬೇಕಿತ್ತು. ನಮ್ಮನ್ನೂ ಕದ್ದು ಕರೆದೊಯ್ಯುತ್ತೇನೆ ಅಂದಿದ್ದ.
ನಮ್ಮನ್ನು ಅಂದರೆ ನಾನು, ಮತ್ತೆ ಜೊಯಿಡಾ ಕಡೆಯ ವಿಠು. ವಿಠುವಿನ ಮಾವಶಿ, ಅಂದರೆ ತಾಯಿಯ ತಂಗಿಯ ಮನೆ ಮೌಳಂಗಿಯಲ್ಲಿ. ಅಲ್ಲಿ ದೋಸೆ ತಿಂದು ವಾಪಸ್ ಬರುವುದು ಪ್ಲಾನ್.

ಎಲ್ಲರಿಗಿಂತ ಮೊದಲು ಗ್ಯಾರೇಜಿಗೆ ಹೋದವನು ನಾನು.
ನಮ್ಮದು ಕಿರಾಣಿ ಅಂಗಡಿಯ ಶಿವಭಕ್ತರ ಮನೆ. ತಕ್ಕಡಿಗೂ ವಿಭೂತಿ ಹಚ್ಚದೆ ನಮ್ಮಪ್ಪ ಅಂಗಡಿ ತೆರೆಯುತ್ತಿರಲಿಲ್ಲ.
ಹಾಗಿರುವಾಗ ಅಂಥ ಗಾಡಿಯನ್ನು ಪೂಜೆ ಇಲ್ಲದೆ ಏರುವುದುಂಟೇ?

ಧೋತರದ ಚುಂಗಿನಿಂದ ಒರೆಸಿದೆ. ಲೈಟಿಗೆ ಮೂರು ಬೆರಳು ವಿಭೂತಿ ಎಳೆದೆ.
ಗಾಲಿಯ ನಡುವೆ ಗ್ರೀಸು ಮೆತ್ತಿದ ಹೊಲಸು ಚಿಂದಿ... ಛೀ ಅನಿಸಿತು...
ಬಿಚ್ಚಿ ಜೇಬಿಗೆ ತುರುಕಿದೆ. ಆ ಜಾಗಕ್ಕೆ ಕಣಗಿಲೆ ಹೂವು ಸಿಕ್ಕಿಸಿದೆ.
ಆ ಪದ್ಧತಿ ನನಗೇನು ಗೊತ್ತು?

ಖಾದರ್ ಬಂದ. ಬಗ್ಗಿ ಗಾಲಿ ನೋಡಿದ. ಚಿಂದಿ ಇಲ್ಲ.
"ಉಸ್ತಾದ್ರು ಟೈಟ್ ಮಾಡ್ಯಾರ. ಹತ್ರಿ, ಹೋಗೂಣು!"

ಆಹಾ... ಆ ಬೆಳಗು!
ಸಾಗುವಾನಿ ಕಾಡು, ಬಂಡಿ ದಾರಿ, ಮೂವರು ಒಂದೇ ಗಾಡಿ ಮೇಲೆ. ಊರೂರ ನಾಯಿಗಳು ಬೆನ್ನಟ್ಟಿದವು. ವಿಠು ಕೊಂಕಣಿಯಲ್ಲಿ ದೇವರನ್ನೆಲ್ಲ ಕರೆಯುತ್ತಿದ್ದ.
ಅಷ್ಟು ಖುಷಿ ನನ್ನ ಮದುವೆಯಲ್ಲೂ ಆಗಲಿಲ್ಲ. (ಮನೆಯಾಕೆ ಈಗಿಲ್ಲ, ಧೈರ್ಯದಿಂದ ಬರೆಯುತ್ತಿದ್ದೇನೆ.)

ಮೌಳಂಗಿಯ ಇಳಿಜಾರಿನಲ್ಲಿ ಗಾಲಿ ಅಲುಗಾಡತೊಡಗಿತು... ಕೆಳಗೆ ಹೊಳೆ.
ಖಾದರ್ ಗಾಡಿಯನ್ನು ಹೊಳೆಗೆ ಬಿಡಲಿಲ್ಲ. ಮೇಲಿನ ದಿಬ್ಬಕ್ಕೆ ಗುದ್ದಿಸಿದ.
ವಿಠು ಬಿದಿರ ಮೆಳೆಯಲ್ಲಿ, ನಾನು ಮಣ್ಣಿನಲ್ಲಿ. ಇಬ್ಬರಿಗೂ ತರಚಿದ ಗಾಯವಷ್ಟೇ.
ಖಾದರನ ಕಾಲು ಮುರಿಯಿತು. ರಕ್ತವೋ ರಕ್ತ.
ಜೇಬಿಗೆ ಕೈ ಹಾಕಿದೆ, ಸಿಕ್ಕ ಬಟ್ಟೆಯನ್ನು ಬಿಗಿಯಾಗಿ ಕಟ್ಟಿದೆ. ಎತ್ತಿನ ಚಕ್ಕಡಿಯಲ್ಲಿ ದಾಂಡೇಲಿಯ ಆಸ್ಪತ್ರೆಗೆ ಒಯ್ದೆವು.

ಸಂಜೆಗೆ ಉಸ್ತಾದರು ಬಂದರು.
"ಪಾನಾ ನಿನ್ನೆ ಬರ್ಲೇ ಇಲ್ಲ. ಚಿಂದಿ ಕಟ್ಟಿದ್ಯೋ ಇಲ್ಲೋ?"
ಆಗ ನನ್ನ ತಲೆಗೆ ಹೊಳೆಯಿತು... ನಾನು ಬಿಚ್ಚಿದ್ದು ಅದನ್ನೇ!
ಖಾದರ್ ಒಂದು ಸಲ ನನ್ನ ಮುಖ ನೋಡಿದ.
"ಮರ್ತೆ, ಉಸ್ತಾದ್."

ಒಂದು ವರ್ಷ ಅವನ ಕೈಗೆ ಪಾನಾ ಕೊಡಲಿಲ್ಲ. ಪಂಕ್ಚರ್ ಹಚ್ಚುವುದು, ಗಾಡಿ ತೊಳೆಯುವುದು. ಊರೆಲ್ಲ "ಚಿಂದಿ ಮರ್ತ ಖಾದರ್" ಅಂತ ಆಡಿಕೊಂಡಿತು.
ನಾನು ಬಾಯಿ ಬಿಡಲಿಲ್ಲ. ಅಪ್ಪನ ಹೆದರಿಕೆ. ಆಮೇಲೆ ನಾಚಿಕೆ. ಆಮೇಲೆ... ರೂಢಿ.

ಖಾದರ್...
ನೀನು ಮುಂದೆ ದೊಡ್ಡ ಮೇಸ್ತ್ರಿಯಾದೆ. ನಿನ್ನ ಕೈ ಮುಟ್ಟಿದ ಲಾರಿ ಘಟ್ಟದಲ್ಲಿ ನಿಲ್ಲುವುದಿಲ್ಲ ಅಂತ ಡ್ರೈವರುಗಳು ಹೇಳತೊಡಗಿದರು.
ಆದರೂ ನೀನು ಕುಂಟುತ್ತಾ ನಮ್ಮ ಅಂಗಡಿಗೆ ಬಂದಾಗಲೆಲ್ಲ ನಾನು ನಿನ್ನ ಕಾಲು ನೋಡುತ್ತಿರಲಿಲ್ಲ, ಗೊತ್ತಾ?
ವಿಠು ಹೋದ. ಉಸ್ತಾದರು ಹೋದರು. ನಿನ್ನೊಬ್ಬನಿಗಾದರೂ ಹೇಳಲೇಬೇಕಿತ್ತು.

ಶುಕ್ರವಾರ ಹೇಳಿದೆನಲ್ಲ... ತೊದಲುತ್ತಾ...
"ಖಾದರ್, ಆ ಚಿಂದಿ ಬಿಚ್ಚಿದಾಂವ ನಾನೋ. ಪೂಜಾ ಮಾಡೂಮುಂದ..."

ನೀನು ಕೆಮ್ಮು ಬರುವವರೆಗೂ ನಕ್ಕೆ.
"ಲೇ ಶಿವ್ಯಾ, ಅವತ್ತ ನನ್ನ ಕಾಲಿಗೆ ಏನ್ ಕಟ್ಟಿದ್ದಿ?"
"ಏನೋ ಒಂದು ಬಟ್ಟಿ..."
"ಕೆಂಪು ಬಟ್ಟಿ. ಗ್ರೀಸ್ ಹತ್ತಿದ್ದು."

ಜೇಬಿನಿಂದ ತೆಗೆದು ಕಟ್ಟಿದ್ದು ಅದೇ ಚಿಂದಿ!
ಅಷ್ಟು ವರ್ಷ ಅದು ನನ್ನ ತಲೆಗೇ ಹೋಗಿರಲಿಲ್ಲ.

"ಗೊತ್ತಿದ್ದೂ ಮರ್ತೆ ಅಂದ್ಯಾ?"
"ಮತ್ತೇನ್ ಮಾಡ್ಲೋ? ಖರೆ ಹೇಳಿದ್ರ ನಿಮ್ಮಪ್ಪ ನಿನ್ನ ಗ್ಯಾರೇಜ್ ಕಡೆ ಹಾಯಾಕ ಬಿಡ್ತಿದ್ರೇನು? ಪಾನಾ ವರ್ಷಕ್ಕ ತಿರುಗಿ ಬಂತು. ನೀ ಬರ್ತಿದ್ದಿ ಏನು?"

ಚಹಾ ಆರಿಹೋಯಿತು. ಇಬ್ಬರೂ ಅಳುತ್ತಾ ನಗುತ್ತಾ ಕೂತೆವು. ನಿನ್ನ ಮಗಳು ಗಾಬರಿಯಾಗಿ ಬಂದು ನೋಡಿ ಹೋದಳು.
ಅವತ್ತು ವಾಪಸ್ ಬರುವಾಗ ಕಾರಿನಲ್ಲಿ ನಿದ್ದೆ ಬಂತು ನೋಡು, ಅಂಥ ನಿದ್ದೆ ನನಗೆ ಯಾವಾಗ ಬಂದಿತ್ತೋ...

ಹೋಗಿ ಬಾ ಖಾದರ್...
ನಿನ್ನ ಅಲ್ಲಾಹ, ನನ್ನ ಶಿವ, ಯಾರೇ ಬಾಗಿಲು ತೆಗೆದರೂ ನಿನ್ನ ಜೀವಕ್ಕೆ ನೆಮ್ಮದಿ ಕೊಡಲಿ.
ನಿಶ್ಚಿಂತೆಯಿಂದ ಹೊರಡು...
ಈ ಸಲ ನಿನ್ನ ಗಾಡಿಯನ್ನು ನಾನು ಮುಟ್ಟಿಲ್ಲ.