ಕತ್ತು ಕೆಡದ ಚಿಂಕಾರ

ನನ್ನ ಹೆಂಡತಿ ತೀರಿಕೊಂಡ ಮೇಲೆ, ನೆನೆಯಲು ಕೂತರೆ ಮನೆಯೊಳಗೆ ಓಡಾಡುತ್ತಿದ್ದವಳು ಕಣ್ಣಿಗೆ ಬರುವುದಿಲ್ಲ. ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ, ಜಾಲಿಮರದ ನೆರಳಿಗೆ ಮಂಡಿಯೂರಿ ಕೂತವಳು ಬರುತ್ತಾಳೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಮದುವೆಯಾಗಿ ವರ್ಷವಾಗಿತ್ತು. ಶಿರಾದ ಮನೆಯಲ್ಲಿ ನನ್ನ ತಂದೆ, ಅಬ್ಬಾ, ಲಕ್ವ ಹೊಡೆದು ಮಲಗಿದ್ದರು. ಬದುಕಿಡೀ ಶಿಕಾರಿ ಮಾಡಿದವರು. ಮಂಚದೆದುರಿನ ಗೋಡೆಗೆ ಒಂದು ಚಿಂಕಾರದ, ಆ ಸಣ್ಣ ಹುಲ್ಲೆಯ, ತಲೆ ಬೇಕು, ನೋಡುತ್ತಾ ಮಲಗಿರುತ್ತೇನೆ ಎಂದು ಕೇಳಿದ್ದರು. ಆದರೆ ಹಲಾಲ್ ಆಗದೆ ಮಾಂಸ ಹಾಳಾದ ಪ್ರಾಣಿಯ ಮುಖ ನನಗೆ ತೋರಿಸಬೇಡ ಎಂದೂ ಹೇಳಿದ್ದರು. ಬೇಟೆಯ ತಲೆಗಳ ಚರ್ಮಕ್ಕೆ ಹುಲ್ಲು ತುಂಬಿ ಗೋಡೆಗೆ ಅಣಿಮಾಡುತ್ತಿದ್ದ ತುಮಕೂರಿನವನ ಮಾತೇ ಬೇರೆ: ಕುಯ್ದ ಕತ್ತು ತಂದರೆ ಹೊಲಿಗೆ ಎದ್ದು ಕಾಣುತ್ತದೆ, ನಾನು ಮುಟ್ಟುವುದಿಲ್ಲ. ಜೀವವಿರುವಾಗ ಗಂಟಲು ಕುಯ್ಯದೆ ಹಲಾಲ್ ಆಗುವುದು ಹೇಗೆ? ನನಗೆ ಗೊತ್ತಿರಲಿಲ್ಲ. ಹೆಂಡತಿಯನ್ನು ತವರಿನಿಂದ ಕರೆತರುವಾಗ ಕೋವಿಯನ್ನೂ ಉಪ್ಪಿನ ಚೀಲವನ್ನೂ ಗಾಡಿಯಲ್ಲಿ ಇಟ್ಟುಕೊಂಡಿದ್ದೆ, ಅಷ್ಟೆ.

ನನ್ನ ಗುಂಡು ತಗುಲಿದ ಗಂಡು ಚಿಂಕಾರ ಗಾಡಿಯಿಂದ ಕೂಗಳತೆಯಲ್ಲಿ ಬಿತ್ತು. ಓಡಿ ಕೊಂಬು ಹಿಡಿದೆ. ಇನ್ನೂ ಉಸಿರಿತ್ತು. ಗಾಡಿಯಲ್ಲೇ ಉಳಿದಿದ್ದ ಚಾಕುವನ್ನು ಅವಳು ತಂದಳು. ನನ್ನ ಕೈಗೆ ಕೊಡಲಿಲ್ಲ.

"ಕೆಳಗೆ, ಎದೆ ಸೇರುವಲ್ಲಿ ಕುಯ್ದರೂ ಅದು ಗಂಟಲೇ ತಾನೇ?" ಎಂದಳು.

ನಾನು ಚಾಕುವಿಗೆ ಕೈ ಚಾಚಿದೆ. ಗಾಡಿ ಹೊಡೆಯುವ ಮುದುಕ ಹಿಂದಿನಿಂದ ನಕ್ಕ. "ಅವಮ್ಮ ಕೊಡಾಕಿಲ್ಲ ಸಾಬ್ರೆ. ನೀವು ಕೊಂಬು ಇಡ್ಕಂಡು ಸುಮ್ಕೆ ಕುಂತ್ಕಳಿ."

ಅವಳು ಒದ್ದೆ ಬೆರಳಿನಿಂದ ಅಲ್ಲಿನ ಕೂದಲನ್ನು ಬೈತಲೆಯಂತೆ ಬಿಡಿಸಿ, ಬಿಸ್ಮಿಲ್ಲಾ ಎಂದು ಒಂದೇ ಸಲಕ್ಕೆ ಕುಯ್ದಳು. ಕತ್ತಿನ ಉದ್ದಕ್ಕೂ ಒಂದು ಗೀರೂ ಬೀಳಲಿಲ್ಲ.

ಆಮೇಲಿನದು ಬಿಸಿಲಿನ ಜೊತೆ ಪಂದ್ಯ. ತಡವಾದರೆ ಚರ್ಮ ಕೊಳೆತು ಕೂದಲು ಕಿತ್ತು ಬರುತ್ತದೆ. ರಕ್ತ ಒಣಗುವ ಮೊದಲೇ ಒರೆಸಿದೆವು. ನಾನು ಭುಜದ ಹಿಂದಿನಿಂದ ಅಂಗಿ ಕಳಚುವಂತೆ ಚರ್ಮ ಬಿಡಿಸಿದೆ. ಮುದುಕ ಹರಳುಪ್ಪನ್ನು ಬಂಡೆಯ ಮೇಲೆ ಹುಡಿ ಮಾಡಿದ. ಕಿವಿಗೆ ಬಂದಾಗ ನನ್ನ ಕೈ ನಿಂತಿತು. ಒಳಗೆ ಉಪ್ಪು ಹೋಗದಿದ್ದರೆ ಮೊದಲು ಕೊಳೆಯುವುದು ಕಿವಿಯೇ. ಅವಳು ಬುತ್ತಿಯ ಜೊತೆಗಿದ್ದ ಸೌಟಿನ ಹಿಡಿಯನ್ನು ಕಿವಿಯ ಚರ್ಮದೊಳಗೆ ಮೆಲ್ಲಗೆ ತೂರಿಸಿ, ಹೊಲಿದ ದಿಂಬಿನ ಚೀಲದ ಮೂಲೆಯನ್ನು ತಿರುಗಿಸುವಂತೆ, ಅದನ್ನು ಒಳಹೊರಗು ಮಾಡಿದಳು. ಬಿಸಿಲಿಗೆ ಹಿಡಿದಳು. ಎಳೆಯ ಅರಳಿ ಎಲೆಯಲ್ಲಿ ಕಾಣುವಂತೆ ಸಣ್ಣ ಸಣ್ಣ ನರಗಳೆಲ್ಲ ಕಂಡವು. ಇದರಲ್ಲೇ ನಮ್ಮ ಗಾಡಿಯ ಸದ್ದು ಕೇಳಿಸಿಕೊಂಡಿತ್ತಲ್ಲ, ಎಂದಳು. ಮುದುಕನೂ ಉಪ್ಪು ಕುಟ್ಟುವುದನ್ನು ನಿಲ್ಲಿಸಿ ನೋಡಿದ. ಹುಟ್ಟಿದಾಗಿನಿಂದ ನಾನು ಶಿಕಾರಿಯ ಮನೆಯಲ್ಲಿ ಮಾಂಸ ಕಂಡಿದ್ದೆ, ಕೊಂಬು ಕಂಡಿದ್ದೆ. ಇದನ್ನು ಕಂಡಿರಲಿಲ್ಲ.

ಸಂಜೆ ಮನೆಯಲ್ಲಿ ಅಬ್ಬಾ ಆಡುತ್ತಿದ್ದ ಒಂದು ಕೈಯಿಂದ ಆ ಚರ್ಮವನ್ನು ಗಲ್ಲದಿಂದ ಕೆಳಗೆ ಸವರಿದರು. ಕುಯ್ದ ಜಾಗ ಸಿಗಲಿಲ್ಲ. ಮುಖ ಕಪ್ಪಿಟ್ಟಿತು. ಅವಳು ಅವರ ಬೆರಳು ಹಿಡಿದು ಎದೆ ಸೇರುವಲ್ಲಿನ ಕೂದಲಿನ ಅಡಿಗೆ ಒಯ್ದು ಮುಟ್ಟಿಸಿದಳು. ಯಾರು ಮಾಡಿದ್ದು ಎಂದು ಕೇಳಿದರು. ಇವಳೇ ಎಂದೆ.

ಅಬ್ಬಾ ಬೆರಳನ್ನು ಬಹಳ ಹೊತ್ತು ಅಲ್ಲೇ ಇಟ್ಟಿದ್ದರು.

"ಇವತ್ತು ನೀನೇ ತಿನ್ನಿಸು ಬೇಟಿ," ಎಂದರು.

ಆ ಮಾಂಸದ ಬಿಸಿ ಸಾರಿಗೆ ಕೈ ಇಟ್ಟಾಗ ಅವಳು ಒಂದು ಕ್ಷಣ ಹಿಂದೆಗೆದಳು. ಚರ್ಮಕ್ಕೆ ಉಪ್ಪು ತಿಕ್ಕಿ ಬೆರಳ ತುದಿಗಳೆಲ್ಲ ಬಿರಿದಿದ್ದವು. ಮತ್ತೆ ಕೈಯಿಟ್ಟು ತುತ್ತು ಕಲಸಿದಳು.