ಎಂಜಿನ್ನಿನ ಹಣೆಯ ಕುಂಕುಮ

ಆ ಅಂಕಲ್ಲನ್ನು ಅಣಕಿಸದೆ ನಾನು ಯಾವ ಯುಗಾದಿ ಊಟವನ್ನೂ ಮುಗಿಸಿದವನಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಹುಬ್ಬಳ್ಳಿಯ ದನಿ ತೆಗೆದು, "ತಮ್ಮಾ, ಕ್ಯಾಮೆರಾ ಹಿಡದು ನಿಂತೆ. ಎಂಜಿನ್ ಬಂತು. ನೆಲಾ ನಡುಗ್ತು, ಪ್ಲಾಟ್‌ಫಾರ್ಮ್ ನಡುಗ್ತು, ನನ್ನ ಕೈ ಮಾತ್ರ ನಡುಗಲಿಲ್ಲ" ಎಂದರೆ ಸಾಕು, ಆಸ್ಟಿನ್‌ನ ಆಂಟಿಯರು ಹೋಳಿಗೆ ಕೆಳಗಿಟ್ಟು ನಗುತ್ತಿದ್ದರು. ಅಂಕಲ್ ಎದುರಿಗಿಲ್ಲದಾಗ ಮಾತ್ರ ಮಾಡುವಷ್ಟು ಧೈರ್ಯ ನನಗಿತ್ತು.

ಅವರು ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನಲ್ಲಿದ್ದ ನಿವೃತ್ತ ವೈದ್ಯರು. ಅಮೆರಿಕಕ್ಕೆ ಬರುವ ಮೊದಲು, ಹರೆಯದಲ್ಲಿ, ಉತ್ತರ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ದುಡಿದಿದ್ದರು. ಅಲ್ಲಿಂದ ತಂದದ್ದು ಎರಡು ಆಲ್ಬಮ್, ಅವುಗಳ ತುಂಬ ಬ್ರಿಟಿಷ್ ಉಗಿ ಎಂಜಿನ್ನುಗಳ ಕಪ್ಪು-ಬಿಳುಪು ಫೋಟೋ. 2015ರ ಚಳಿಗಾಲದಲ್ಲಿ ಡಲ್ಲಾಸ್‌ನ ರೈಲು ಹುಚ್ಚರ ಒಂದು ಗುಂಪು ಅವುಗಳ ಪ್ರದರ್ಶನ ಇಡಲು ಒಪ್ಪಿತು. ಪ್ರತಿ ಫೋಟೋಗೂ ಎಂಜಿನ್ನಿನ ನಂಬರ್, ಜಾತಿ, ಜಾಗ, ತೆಗೆದವರ ಹೆಸರು ಬರೆದುಕೊಡಬೇಕು, ಅಷ್ಟೇ. ನಾನಾಗ ಆಸ್ಟಿನ್‌ನಲ್ಲಿ ಹಳೆಯ ದಾಖಲೆಗಳನ್ನು ಕಾಪಾಡುವ ವಿದ್ಯೆ ಓದುತ್ತಿದ್ದೆ. ಅಂಕಲ್ ನನ್ನನ್ನು ಕರೆಸಿಕೊಂಡರು. ಡಲ್ಲಾಸ್‌ನ ಗೋಡೆಯ ಮೇಲೆ ತಮ್ಮ ಹೆಸರು ಬರುತ್ತದೆಂದು ಸೌತ್‌ಲೇಕ್‌ನ ಮಗಳಿಗೆ, ಬೀಗರಿಗೆ, ತಮ್ಮ ಹಲ್ಲಿನ ಡಾಕ್ಟರಿಗೆ, ಎಲ್ಲರಿಗೂ ಹೇಳಿಯಾಗಿತ್ತು.

ಕೆಲಸ ಕಷ್ಟದ್ದೇನಲ್ಲ ಎಂದುಕೊಂಡಿದ್ದೆ. ಎಂಜಿನ್ನಿನ ಮುಂದಿನ ದುಂಡು ಬಾಗಿಲ ಮೇಲೆ ನಂಬರಿನ ಫಲಕ ಇರುತ್ತದೆ. ನಂಬರ್ ಸಿಕ್ಕರೆ ಅದು ಎಲ್ಲಿ ಹುಟ್ಟಿತು, ಯಾವಾಗ ಗುಜರಿಗೆ ಹೋಯಿತು ಎಲ್ಲವೂ ಪುಸ್ತಕದಲ್ಲಿ ಸಿಗುತ್ತದೆ. ಚಕ್ರ ಎಣಿಸಿ ತಾಳೆ ನೋಡಿದರೆ ಮುಗಿಯಿತು. ಆಲ್ಬಮ್ ತೆರೆದೆ. ಮೊದಲ ಎಂಜಿನ್ನಿನ ಫಲಕದ ಮೇಲೆ ಕೆಂಪು ಮಚ್ಚೆ. ಎರಡನೆಯದಕ್ಕೂ. ಮೂರನೆಯದಕ್ಕೆ ಎರಡು.

"ಆಂಟಿ, ಇದೇನು ಕೆಂಪು?" ಅಡುಗೆಮನೆಯಲ್ಲಿದ್ದ ಅಂಕಲ್‌ರ ಹೆಂಡತಿಯನ್ನು ಕೇಳಿದೆ.

"ಕುಂಕುಮ. ಖಂಡೇನವಮಿಗೆ ಹಚ್ಚೀನಿ."

"ಫೋಟೋಗಾ?"

"ಮತ್ತ? ಕಾರಿಗೆ ಹಚ್ತೀನಿ, ಮಿಕ್ಸರಿಗೆ ಹಚ್ತೀನಿ, ನಿಮ್ಮ ಅಂಕಲ್‌ನ ಬಿಪಿ ಮಷೀನಿಗೂ ಹಚ್ತೀನಿ. ಇಷ್ಟು ಎಂಜಿನ್ ಮನ್ಯಾಗ ಇಟ್ಕೊಂಡು ಹಂಗ ಬಿಡಾಕ ಆಗ್ತೈತೇನು?"

"ಸರಿಯಾಗಿ ನಂಬರ್ ಮೇಲೇ ಹಚ್ಚಿದ್ದೀರಲ್ಲ!"

"ಹಣೀಗೆ ಹಚ್ಚೀನಪಾ. ಅಲ್ಲಿ ನಂಬರ್ ಬರಿ ಅಂತ ಅವರಿಗೆ ಯಾರು ಹೇಳಿದ್ರು?"

ನೀರಲ್ಲಿ ಕಲಸಿದ ಕುಂಕುಮ ವರ್ಷ ವರ್ಷವೂ ಕಾಗದಕ್ಕೆ ಇಳಿದಿತ್ತು. ಒರೆಸಿದರೆ ಕುಂಕುಮದ ಜೊತೆ ನಂಬರೂ ಬರುತ್ತಿತ್ತು. ಉಳಿದದ್ದು ಒಂದೇ ದಾರಿ: ಫೋಟೋ ಬಿಡಿಸಿ ಬೆನ್ನು ನೋಡುವುದು. ಹಳೆಯ ಫೋಟೋ ಹಿಂದೆ ಯಾರಾದರೂ ಏನಾದರೂ ಗೀಚಿರುತ್ತಾರೆ. ಅಂಟು ಬಿಡಿಸಲು ನಮಗೆ ಕಲಿಸಿದ್ದ ಉಪಾಯ, ಹಲ್ಲಿನ ಸಂದಿ ಸ್ವಚ್ಛ ಮಾಡುವ ದಾರವನ್ನು ಫೋಟೋ ಮತ್ತು ಪುಟದ ನಡುವೆ ಗರಗಸದಂತೆ ಎಳೆಯುವುದು.

ಮೊದಲ ಫೋಟೋ ಬಿಟ್ಟುಬಂತು. ತಿರುಗಿಸಿದೆ. ಹಿಂದೆ ನೇರಳೆ ಶಾಯಿಯ ರಬ್ಬರ್ ಮೊಹರು: ಒಬ್ಬ ಇಂಗ್ಲಿಷಿನವನ ಹೆಸರು, ವಿಳಾಸ, ಪ್ರತಿಗಳು ಮಾರಾಟಕ್ಕಿವೆ ಎಂಬ ಸೂಚನೆ. ಇನ್ನೊಂದನ್ನು ಬಿಡಿಸಿದೆ. ಅದೇ ಮೊಹರು. ಆರನೆಯದಕ್ಕೂ ಅದೇ. ಎದುರಿನ ಕುರ್ಚಿಯಲ್ಲಿ ಅಂಕಲ್ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು.

"ಅಂಕಲ್, ಇವು... ಕೊಂಡುಕೊಂಡಿದ್ದಾ?"

ಅವರು ಅಡುಗೆಮನೆಯತ್ತ ತಿರುಗಿ ಪಿಸುಗುಟ್ಟಿದರು, "ಆಂಟಿ ಒಳಗ ಅದಾಳೇನು?"

"ಒಳಗ ಇದ್ರೇನು, ಕಿವಿ ಹೊರಗ ಐತಿ," ಎಂದರು ಆಂಟಿ. "ಲಗ್ನ ಆಗಿ ನಾ ಇಂಗ್ಲೆಂಡಿಗೆ ಬಂದಾಗ ನಿಮ್ಮ ಹತ್ರ ಒಂದು ಛತ್ರಿ ಇತ್ತರಿ. ಕ್ಯಾಮೆರಾ ಇರಲಿಲ್ಲ. ನಾ ಏನರ ಕೇಳೀನೇನು?"

ನಾನು ಬಾಯಿ ಬಿಟ್ಟುಕೊಂಡು ಇಬ್ಬರನ್ನೂ ನೋಡಿದೆ. ಇಷ್ಟು ವರ್ಷ ಒಬ್ಬರು ಹೇಳಿಲ್ಲ, ಇನ್ನೊಬ್ಬರು ಕೇಳಿಲ್ಲ, ಪ್ರತಿ ನವಮಿಗೂ ಕುಂಕುಮ ಮಾತ್ರ ತಪ್ಪಿಲ್ಲ!

"ಹ್ಯೂಸ್ಟನ್‌ಗೆ ಬಂದ ಹೊಸದರಾಗ ಯಾರೋ ಕೇಳಿದ್ರು, ನೀವ ತಗದದ್ದೇನ್ರಿ ಅಂತ," ಅಂಕಲ್ ಮೆಲ್ಲಗೆ ಹೇಳಿದರು. "ಬಾಯಿ ತುಂಬ ಗಿರಮಿಟ್ಟು ಇತ್ತು. ತಲಿ ಅಲ್ಲಾಡಿಸಿದೆ. ಗಿರಮಿಟ್ಟು ನುಂಗಿದೆ. ಆ ಮಾತು ನುಂಗಾಕ ಆಗಲಿಲ್ಲ."

"ಮತ್ತೆ ಆ ಕ್ಯಾಮೆರಾ ಹಿಡಿದು ನಿಂತಿದ್ದು, ನೆಲ ನಡುಗಿದ್ದು?"

"ವರ್ಷಕ್ಕೊಂದು ಸೇರಿಸ್ಕೋತ ಹೋದೆ. ಕೈ ನಡುಗಲಿಲ್ಲ ಅನ್ನೋದು ನಂದಲ್ಲ. ನೀ ಸೇರಿಸಿದ್ದು. ಯಾರೋ ನಿನ್ನ ಅಣಕದ ವಿಡಿಯೋ ಕಳಿಸಿದ್ರು. ಚಲೋ ಇತ್ತು, ನಾನೂ ಇಟ್ಕೊಂಡೆ."

ಮೊಹರು ಕಂಡಾಗಲೂ ನನಗೆ ಅಷ್ಟು ಆಘಾತವಾಗಿರಲಿಲ್ಲ. ಅಣಕಿಸುವಾಗ ನಗು ಬರಲೆಂದು ನಾನು ಹೊಸೆದ ಸಾಲನ್ನು ಆ ಮನುಷ್ಯ ತನ್ನ ನೆನಪೆಂದು ಹೇಳಿಕೊಂಡು ತಿರುಗಿದ್ದರು. ಸುಳ್ಳಿನಲ್ಲಿ ನನ್ನದೂ ಪಾಲಿತ್ತು, ಅದೂ ಎಲ್ಲಕ್ಕಿಂತ ಜನಪ್ರಿಯವಾದ ಪಾಲು.

"ನನ್ನ ದನಿ ನನಗಿಂತ ನೀನ ಚಲೋ ತಗೀತಿ," ಎಂದರು ಅಂಕಲ್. "ಡಲ್ಲಾಸ್‌ಗೆ ಫೋನ್ ಹಚ್ಚು. ನಾನಾಗಿ ನೀನ ಖರೇ ಹೇಳಿಬಿಡು."

ಹಚ್ಚಿದೆ. ಆ ಕಡೆಯಿಂದ ಪ್ರದರ್ಶನ ನೋಡಿಕೊಳ್ಳುವ ಹೆಂಗಸಿನ ಹಲೋ ಬಂತು. ಗಂಟಲು ಸರಿಮಾಡಿಕೊಂಡೆ. ಯಾವ ದನಿಯೂ ಬರಲಿಲ್ಲ, ಅವರದೂ ಇಲ್ಲ, ನನ್ನದೂ ಇಲ್ಲ. ಮೂರನೆಯ ಹಲೋಗೆ ಅಂಕಲ್ ಫೋನ್ ಕಿತ್ತುಕೊಂಡರು. ರೋಗಿಯ ಮನೆಯವರಿಗೆ ಕೆಟ್ಟ ಸುದ್ದಿ ಹೇಳುವ ನಿಧಾನದ ಇಂಗ್ಲಿಷಿನಲ್ಲಿ, ಒಂದೂ ನೆಪ ಹೂಡದೆ, ಎಲ್ಲ ಹೇಳಿದರು. ಹೇಳುವಾಗ ಎದ್ದು ನಿಂತಿದ್ದರು.

ಆ ಮೊಹರಿನವನ ಕಡೆಯವರು ಒಪ್ಪುವವರೆಗೆ ಯಾವುದನ್ನೂ ತೂಗುಹಾಕುವಂತಿಲ್ಲ ಎಂದಳಂತೆ ಆಕೆ. ಆಮೇಲೆ, ನೀವೇ ತೆಗೆದದ್ದು ಒಂದೂ ಇಲ್ಲವೇ ಎಂದು ಕೇಳಿದಳಂತೆ.

ಫೋನಿಟ್ಟು ಅಂಕಲ್ ಎರಡನೇ ಆಲ್ಬಮ್ಮಿನ ಹಿಂದಿನ ರಟ್ಟಿನ ಸಂದಿಯಿಂದ ಒಂದು ಫೋಟೋ ಎಳೆದರು. ಜೊತೆಯ ಡಾಕ್ಟರೊಬ್ಬರ ಕ್ಯಾಮೆರಾ ಒಂದು ಭಾನುವಾರ ಕೇಳಿ ಪಡೆದು ತೆಗೆದದ್ದಂತೆ. ರೋಲಿನಲ್ಲಿ ಉಳಿದದ್ದು ಇದೊಂದೇ. ಮುಕ್ಕಾಲು ಪಾಲು ಹೊಗೆ. ಮೂಲೆಯಲ್ಲಿ ಅಲುಗಿಹೋದ ಒಂದೂವರೆ ಚಕ್ರ. ಯಾರದೋ ಟೋಪಿ.

"ಇದನ್ನ ಕಳಿಸ್ತೀರಾ?" ನನಗೆ ನಂಬಲಾಗಲಿಲ್ಲ. "ಅಂಕಲ್, ಇದರಲ್ಲಿ ಎಂಜಿನ್ನೇ ಇಲ್ಲ!"

"ಇತ್ತು. ನಾ ಗುಂಡಿ ಒತ್ತೋದರಾಗ ಹೋತು."

"ರೀ, ಟೋಪಿ ಛಂದ ಬಂದೈತಿ," ಎಂದರು ಆಂಟಿ, ಅವರ ಭುಜದ ಮೇಲಿಂದ ಬಗ್ಗಿ ನೋಡುತ್ತ. ಆ ಫೋಟೋವನ್ನು ಅವರೂ ನೋಡಿದ್ದು ಅದೇ ಮೊದಲು.

ಒಂದೂವರೆ ಚಕ್ರವನ್ನು ನಾನು ಭೂತಗನ್ನಡಿಯಲ್ಲಿ ಅರ್ಧ ಗಂಟೆ ನೋಡಿದೆ. ಕಡ್ಡಿ ಎಣಿಸಿದೆ, ಪುಸ್ತಕ ತಿರುವಿದೆ. ಕೊನೆಗೆ ಡಲ್ಲಾಸ್‌ನ ನಮೂನೆಯಲ್ಲಿ ನಂಬರ್: ತಿಳಿದಿಲ್ಲ, ಜಾತಿ: ತಿಳಿದಿಲ್ಲ ಎಂದು ತುಂಬಿದೆ. ಜಾಗ ಮಾತ್ರ ಅವರಿಗೆ ನೆನಪಿತ್ತು, ಪ್ಲಾಟ್‌ಫಾರ್ಮಿನ ಸಂಖ್ಯೆಯ ಸಮೇತ. ತೆಗೆದವರ ಹೆಸರಿಗೆ ಬಂದಾಗ ಅವರು ಪೆನ್ನಿಗೆ ಕೈ ಚಾಚಿದರು. ಜೀವಮಾನವಿಡೀ ಔಷಧಿ ಅಂಗಡಿಯವರನ್ನು ಗೋಳಾಡಿಸಿದ ಆ ಅಕ್ಷರ, ಒಂದೊಂದೇ, ಬಿಡಿಬಿಡಿಯಾಗಿ, ಯಾರು ಬೇಕಾದರೂ ಓದಬಹುದಾದ ಹಾಗೆ ಆ ಗೆರೆಯ ಮೇಲೆ ಕೂತಿತು.