ಸದಾ ತುಂಬಿದ ಬಟ್ಟಲು

ಆರ್ಡಿಸ್ ಕೊಸ್ಕೆಲಾ ಬದುಕಿನ ಬಹುಪಾಲನ್ನು ಶಾಲೆಯ ಅಡುಗೆಮನೆಯಲ್ಲಿ ಕಳೆದವಳು. ಒಂದು ಸಲ ಗಂಟೆ ಹೊಡೆದರೆ ಮಕ್ಕಳು ಊಟಕ್ಕೆ ನುಗ್ಗಬೇಕು. ಇನ್ನೊಂದು ಸಲ ಹೊಡೆದರೆ ತುತ್ತು ಬಾಯಲ್ಲಿದ್ದರೂ ಎದ್ದು ಹೊರಡಬೇಕು. ಅರ್ಧ ತಿಂದ ತಟ್ಟೆಗಳನ್ನು ಕಸದ ಡಬ್ಬಿಗೆ ಬಳಿಯುವಾಗ ಅವಳ ಕರುಳು ಚುರ್ರೆನ್ನುತ್ತಿತ್ತು. ಮಿಷಿಗನ್ನಿನ ಉತ್ತರ ತುದಿಯ ಆ ಊರಲ್ಲಿ ಅವಳಷ್ಟು ಬೈಸಿಕೊಂಡ ಅಡುಗೆಯವಳಿಲ್ಲ. ಗಂಟೆ ಹೊಡೆದ ಮೇಲೂ ಬಡಿಸುತ್ತಾಳೆ ಎನ್ನುವುದೇ ಅವಳ ಮೇಲಿನ ದೂರು.

ನಿವೃತ್ತಳಾದ ವರ್ಷ ಬಾಂಜೋ ಮನೆಗೆ ಬಂದ. ಅರ್ಧ ಹಸ್ಕಿ ಜಾತಿಯ, ಕಂಬಳಿಯಂಥ ಕೂದಲಿನ ನಾಯಿ. ಎಂಥ ಹಿಮ ಬಿದ್ದರೂ ಅವನಿಗೆ ಹಿಂಬದಿಯ ಜಗಲಿಯೇ ಬೇಕು. ಆರ್ಡಿಸ್ ಅಲ್ಲೊಂದು ದೊಡ್ಡ ಬಟ್ಟಲಿಟ್ಟು ನಾಯಿ ತಿಂಡಿ ತುಂಬಿಸಿದಳು. ಖಾಲಿಯಾದಾಗೆಲ್ಲ ಮತ್ತೆ ಸುರಿದಳು.

ಗಂಡನ ತಂಗಿ ನಾರ್ಮಾಗೆ ಇದು ಸರಿ ಕಾಣಲಿಲ್ಲ. ಕಾಫಿಗೆ ಬಂದವಳು ಕೇಳಿಯೇಬಿಟ್ಟಳು: "ಅಲ್ಲ ಆರ್ಡಿಸ್, ನಾಯಿ ಸಾಕಿದೀಯೋ, ಛತ್ರ ನಡೆಸ್ತಿದೀಯೋ? ಬೆಳಿಗ್ಗೆ ಒಂದ್ಸಲ, ಸಾಯಂಕಾಲ ಒಂದ್ಸಲ ಹಾಕು. ತಿಂದಾದ್ಮೇಲೆ ಬಟ್ಟಲು ಎತ್ತಿಡು."

"ನನ್ನ ಮನೇಲಿ ಯಾರೂ ಗಂಟೆ ನೋಡ್ಕೊಂಡು ಉಣ್ಣಲ್ಲ ಕಣೇ. ಹಸಿವಾದಾಗ ತಿಂತಾನೆ."

"ತಿಂದು ತಿಂದು ಪೀಪಾಯಿ ಆಗ್ತಾನೆ ನೋಡ್ತಿರು."

"ಆಗ್ಲಿ ಬಿಡು. ನೀನಾಗಿಲ್ವಾ?"

ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾರ್ಮಾಳ ಭಯವೂ ಸುಳ್ಳಾಯಿತು. ಬಾಂಜೋ ದಪ್ಪಗಾಗಲೇ ಇಲ್ಲ. ಗೆದ್ದೆನೆಂಬ ಬೀಗುವಿಕೆಯಲ್ಲಿ ಆರ್ಡಿಸ್ ವರ್ಷಗಟ್ಟಲೆ ಬಟ್ಟಲು ತುಂಬಿಸಿದಳು.

ಅದೊಂದು ಚಳಿಗಾಲದ ಕೊನೆಗೆ ಬಾಂಜೋ ಹೆಚ್ಚು ಹೊತ್ತು ಮಲಗತೊಡಗಿದ. ವಯಸ್ಸಾಯಿತು ಎಂದುಕೊಂಡಳು. ಬಟ್ಟಲು ಮಾತ್ರ ದಿನಾ ಬೆಳಿಗ್ಗೆ ನೆಕ್ಕಿಟ್ಟಂತೆ ಖಾಲಿಯಿರುತ್ತಿತ್ತು. "ಹೊಟ್ಟೆ ಗಟ್ಟಿಯಾಗಿದೆ, ಇನ್ನೇನು ಭಯ?" ಎಂದು ನಾರ್ಮಾಳ ಮುಂದೆ ಜಂಬ ಕೊಚ್ಚಿಕೊಂಡಳು.

ಒಂದು ಮುಂಜಾನೆ ಬೇಗ ಎದ್ದು ಹಿಂಬಾಗಿಲು ತೆರೆದರೆ, ಬಟ್ಟಲಿನ ಸುತ್ತ ರಕೂನುಗಳ ಪಂಕ್ತಿ! ಕಾಡಿನಿಂದ ಬಂದ ಆ ಕಳ್ಳರು ಮುಂಗಾಲಲ್ಲಿ ತಿಂಡಿ ಎತ್ತೆತ್ತಿ ಬಾಯಿಗಿಡುತ್ತಿದ್ದರು. ಬೆಕ್ಕು ಕಂಡರೂ ಊರು ಎಬ್ಬಿಸುತ್ತಿದ್ದ ಬಾಂಜೋ ಪಕ್ಕದಲ್ಲೇ ಮಲಗಿ ಸುಮ್ಮನೆ ನೋಡುತ್ತಿದ್ದ.

ಅವುಗಳನ್ನು ಪೊರಕೆಯಿಂದ ಅಟ್ಟಿ, ಅವನ ಪಕ್ಕ ಕೂತು ಕೂದಲೊಳಗೆ ಕೈ ತೂರಿಸಿದಳು. ಪಕ್ಕೆಲುಬುಗಳು ಒಂದೊಂದಾಗಿ ಬೆರಳಿಗೆ ಸಿಕ್ಕವು. ದಿನಾ ತಲೆ ಸವರುತ್ತಿದ್ದ ಕೈ ಅಲ್ಲಿಯವರೆಗೆ ಇಳಿದಿರಲೇ ಇಲ್ಲ.

ನಾರ್ಮಾಳೇ ಕಾರು ತಂದಳು. ಪ್ರಾಣಿಗಳ ಡಾಕ್ಟರು, ಚಿಕ್ಕ ವಯಸ್ಸಿನ ಹೆಂಗಸು, ಬಾಂಜೋನ ಹೊಟ್ಟೆ ಒತ್ತಿ ನೋಡುತ್ತ ಕೇಳಿದಳು: "ಊಟ ಬಿಟ್ಟು ಎಷ್ಟು ದಿನ ಆಯ್ತಮ್ಮಾ?"

ಆರ್ಡಿಸ್ ನೆನಪು ಮಾಡಿಕೊಳ್ಳಲು ನೋಡಿದಳು. ಹೊತ್ತಿಗೆ ಸರಿಯಾಗಿ ಬಡಿಸುವ ಮನೆಯಲ್ಲಾದರೆ ಮೊದಲ ದಿನವೇ ತಿಳಿಯುತ್ತಿತ್ತು.

"ಅಂದಾಜು ಹೇಳಿ ಸಾಕು. ಒಂದ್ವಾರ? ಒಂದ್ ತಿಂಗಳು?"

"ಗೊತ್ತಿಲ್ಲ ಡಾಕ್ಟ್ರೇ."

ನಾನು ಹೇಳಿರಲಿಲ್ಲವೇ ಎನ್ನಲು ನಾರ್ಮಾಗೆ ಇದಕ್ಕಿಂತ ಒಳ್ಳೆಯ ಹೊತ್ತು ಬೇಕಿರಲಿಲ್ಲ. ಪುಣ್ಯಾತ್ಗಿತ್ತಿ, ಗೋಡೆ ನೋಡುತ್ತ ನಿಂತಳು. ಬಾಂಜೋನ ಮೂತ್ರಪಿಂಡ ಪೂರಾ ಕೆಟ್ಟಿತ್ತು. "ಸ್ವಲ್ಪ ಮೊದ್ಲೇ ಕರ್ಕೊಂಡು ಬಂದಿದ್ರೆ..." ಎಂದ ಡಾಕ್ಟರು ಆರ್ಡಿಸಳ ಮುಖ ನೋಡಿ ಮಾತನ್ನು ಅಲ್ಲಿಗೇ ಬಿಟ್ಟಳು. ಬಾಂಜೋ ಆ ವಾರ ದಾಟಲಿಲ್ಲ.

ಚರ್ಚಿನಲ್ಲಿ ಸಿಕ್ಕವರೆಲ್ಲ ಸಮಾಧಾನ ಹೇಳಿದರು: "ವಯಸ್ಸಾಗಿತ್ತಲ್ಲ ಆರ್ಡಿಸ್, ಏನು ಮಾಡೋಕಾಗತ್ತೆ?"

"ವಯಸ್ಸಲ್ಲ," ಎನ್ನುತ್ತಿದ್ದಳು. "ಅವನು ಉಪವಾಸ ಇದ್ದ. ನಾನು ದಿನಾ ಬಡಿಸ್ತಾನೇ ಇದ್ದೆ, ಉಂಡನಾ ಅಂತ ಒಂದಿನಾನೂ ನೋಡ್ಲಿಲ್ಲ."